ಜೂನ್ ಮುಗಿದ ಮೇಲೂ ಅರಳುವ ಗುಲಾಬಿ

ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮ ಬಳಗದ ಅನೇಕರಿಗೆ ಹಿತ್ತಲಿನ ಜೊತೆಗೆ ಹಿಂದಿನ ಒಡೆಯರು ನೆಟ್ಟುಹೋದ ಒಂದು ಗುಲಾಬಿಯೂ ದೊರೆತಿರುತ್ತದೆ. ನಮಗೂ ಹಾಗೆಯೇ ದೊರೆಯಿತು. ಹಿಂಬದಿಯ ಬೇಲಿಯುದ್ದಕ್ಕೂ ಹಬ್ಬಿದ ಬಳ್ಳಿಗುಲಾಬಿ ಅದು. ಜೂನ್ ತಿಂಗಳ ಮೂರು ವಾರ ಎಲೆಯೇ ಕಾಣದಷ್ಟು ಬಿಳಿಯ ಹೂ; ಉಳಿದ ದಿನಗಳಲ್ಲಿ ಬರಿಯ ಹಸಿರು ಮತ್ತು ಮುಳ್ಳು. ನಮ್ಮ ತಾಯಿಯವರು ಮೈಸೂರಿನಿಂದ ಮೊದಲ ಬಾರಿ ಬಂದುದು ಜುಲೈ ತಿಂಗಳಲ್ಲಿ. ಎರಡನೆಯ ಬಾರಿಯೂ ಜುಲೈ ತಿಂಗಳಲ್ಲಿಯೇ. ಆರು ತಿಂಗಳ ವೀಸಾ ಮುಗಿದು ಅವರು ಹಿಂದಿರುಗುವವರೆಗೆ ಆ ಗಿಡ ಒಂದು ಮೊಗ್ಗನ್ನೂ ತೋರಿಸಲಿಲ್ಲ. ಅವರ ಮನೆಯ ಮುಂದಿನ ಕುಂಡದ ಗುಲಾಬಿಯಾದರೋ ವರ್ಷದ ಹೆಚ್ಚಿನ ದಿನಗಳಲ್ಲಿ ಪೂಜೆಗೆ ಒಂದಾದರೂ ಹೂ ಕೊಡುತ್ತದೆ. “ಇಷ್ಟು ದೊಡ್ಡ ಗಿಡ, ದೇವರಿಗೆ ಒಂದು ಹೂವಿಲ್ಲವಲ್ಲೋ” ಎಂದು ಅವರು ಬೆಳಿಗ್ಗೆ ಬೆಳಿಗ್ಗೆ ಬೇಸರಪಡುತ್ತಿದ್ದರು.

ಮೂರನೆಯ ಬಾರಿ ಅವರನ್ನು ಮೇ ತಿಂಗಳಿನಲ್ಲಿಯೇ ಕರೆಸಿಕೊಂಡೆವು. ಹೂ ಇನ್ನೂ ಹೆಚ್ಚಾಗಲಿ, ಸಾಧ್ಯವಾದರೆ ಎರಡು ಬಾರಿ ಬರಲಿ ಎಂಬ ಆಸೆಯಿಂದ, ಆ ವರ್ಷ ಫೆಬ್ರುವರಿಯಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಬುಡಕ್ಕೆ ಗೊಬ್ಬರ ಹಾಕಿದ್ದೆವು. ಜೂನ್ ಬಂದಿತು, ಉದ್ದುದ್ದ ಚಿಗುರುಗಳು ಬೇಲಿಯನ್ನೇರಿದುವು, ಹೂ ಮಾತ್ರ ಒಂದೂ ಬರಲಿಲ್ಲ. “ಹೂ ಬಿಡೋ ಗಿಡಾನ ಯಾರಾದ್ರೂ ಹಂಗೆ ಬೋಳಿಸ್ತಾರೇನೋ?” ಎಂದು ಕೇಳಿದ ತಾಯಿಗೆ ಉತ್ತರ ಹೇಳಲು ಇಪ್ಪತ್ತು ವರ್ಷದ ವೈದ್ಯವೃತ್ತಿ ನೆರವಾಗಲಿಲ್ಲ. ಒಂದು ಗುಲಾಬಿ ವರ್ಷಕ್ಕೊಮ್ಮೆ ಮಾತ್ರ ಏಕೆ ಅರಳುತ್ತದೆ, ಇನ್ನೊಂದು ಅಕ್ಟೋಬರಿನವರೆಗೂ ಏಕೆ ಅರಳುತ್ತಲೇ ಇರುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದು ಆಗ. ಮಣ್ಣು, ಗೊಬ್ಬರಗಳಲ್ಲಿ ಉತ್ತರ ದೊರೆಯಲಿಲ್ಲ. ಅದು ದೊರೆತದ್ದು ಚೀನಾದ ತೋಟಗಳು, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮತ್ತು ಕಲ್ಕತ್ತೆಯ ಬಂದರುಗಳನ್ನು ಹಾದುಬಂದ ಚರಿತ್ರೆಯಲ್ಲಿ.

ಮೊದಲು ಯೂರೋಪಿನ ಸ್ಥಿತಿಯನ್ನು ನೋಡೋಣ. 1790ಕ್ಕೆ ಮುಂಚೆ ಈ ಖಂಡದ ತೋಟಗಳಲ್ಲಿದ್ದ ಗುಲಾಬಿಗಳೆಂದರೆ ಗ್ಯಾಲಿಕಾ, ಆಲ್ಬಾ, ಡಮಾಸ್ಕ್, ಸೆಂಟಿಫೋಲಿಯಾ ಎಂಬ ಕೆಲವೇ ಕುಲಗಳು. ಔಷಧದ ಅಂಗಡಿಯವರು ಒಣಗಿಸಿ ಇಟ್ಟುಕೊಳ್ಳುತ್ತಿದ್ದ ಗ್ಯಾಲಿಕಾ ಗುಲಾಬಿಯೂ ಇವುಗಳಲ್ಲಿ ಒಂದು. ಪರಿಮಳದಲ್ಲಿ ಇವನ್ನು ಮೀರಿಸುವ ಗುಲಾಬಿಗಳು ಇಂದಿಗೂ ಕಡಿಮೆ. ಆದರೆ ಇವೆಲ್ಲವೂ ಬೇಸಿಗೆಯ ಆರಂಭದಲ್ಲಿ ಒಮ್ಮೆ ಅರಳಿ ಸುಮ್ಮನಾಗುತ್ತಿದ್ದುವು. ಒಂದೇ ಒಂದು ಮುಖ್ಯ ಅಪವಾದವಿತ್ತು: ಶರತ್ಕಾಲದಲ್ಲಿ ಇನ್ನಷ್ಟು ಹೂ ಕೊಡುವ ಡಮಾಸ್ಕ್. ದಕ್ಷಿಣ ಇಟಲಿಯ ಪೇಸ್ಟಮ್ ಊರಿನಲ್ಲಿ ವರ್ಷಕ್ಕೆರಡು ಬಾರಿ ಅರಳುವ ಗುಲಾಬಿ ತೋಟಗಳಿದ್ದುವೆಂದು ರೋಮನ್ ಕವಿ ವರ್ಜಿಲ್ ತನ್ನ ಕೃಷಿಕಾವ್ಯದಲ್ಲಿ ಹೇಳಿದ್ದಾನೆ. ಅದು ಈ ಡಮಾಸ್ಕೇ ಇದ್ದೀತೆಂದು ಊಹಿಸಿದವರುಂಟು. ಅದರ ಎರಡನೆಯ ಹೂಗಾಲವೂ ಧಾರಾಳವಾದುದಲ್ಲ. ಅಲ್ಲೊಂದು ಇಲ್ಲೊಂದು ಹೂ, ಅಷ್ಟೆ. ಹೀಗಾಗಿ ಇಲ್ಲಿನ ಜನರಿಗೆ ಗುಲಾಬಿ ಎಂದರೆ ಜೂನ್, ಜೂನ್ ಎಂದರೆ ಗುಲಾಬಿ. ಬೇಗನೆ ಮುಗಿದುಹೋಗುವ ಸೌಂದರ್ಯಕ್ಕೆ ಇಲ್ಲಿನ ಕವಿಗಳು ಗುಲಾಬಿಯನ್ನೇ ಹೋಲಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಅದೇ ಕಾಲದಲ್ಲಿ ಚೀನಾದ ತೋಟಗಾರರಿಗೆ ಈ ಕೊರತೆಯ ಪರಿಚಯವೇ ಇರಲಿಲ್ಲ. ಅವರ ಬಳಿ ‘ಯುಎಜಿ’ ಎಂಬ ಗುಲಾಬಿಯಿತ್ತು. ಆ ಹೆಸರಿನಲ್ಲಿಯೇ ತಿಂಗಳು ಎಂಬ ಅರ್ಥವಿದೆ. ಅದರ ಕೆಂಪು ಬಗೆಯೊಂದಕ್ಕೆ ‘ಯುಎಯುಎಹೋಂಗ್’ ಎಂದು ಹೆಸರು. ತಿಂಗಳು ತಿಂಗಳೂ ಕೆಂಪು ಎಂದು ಅದರ ಅರ್ಥ. ಸೋಂಗ್ ಅರಸರ ಕಾಲದಲ್ಲಿ, ಎಂದರೆ 960ರಿಂದ 1279ರವರೆಗಿನ ಅವಧಿಯಲ್ಲಿ, ಈ ಹೂ ಕವಿತೆಗಳಿಗೂ ಚಿತ್ರಗಳಿಗೂ ವಸ್ತುವಾಗಿತ್ತು. ಯಾಂಗ್ ವಾನ್‌ಲಿ ಎಂಬ ಕವಿ ಚಳಿಗಾಲದಲ್ಲಿ ಅರಳಿದ ಯುಎಜಿಯ ಮೇಲೆಯೇ ಒಂದು ಕವಿತೆ ಬರೆದಿದ್ದಾನೆ. ನಮ್ಮ ವೃತ್ತಿಯವರಿಗೆ ಪ್ರಿಯವೆನಿಸುವ ಸಂಗತಿ ಇನ್ನೊಂದಿದೆ: ಲಿ ಶಿಝೆನ್ ಎಂಬ ವೈದ್ಯ 1578ರಲ್ಲಿ ಮುಗಿಸಿ, 1596ರಲ್ಲಿ ಅಚ್ಚಾದ ಔಷಧಕೋಶದಲ್ಲಿ ಈ ಹೂವೂ ಸೇರಿದೆ. ನಮ್ಮ ಗುಲ್ಕನ್ನಿನಂತೆ ಅಲ್ಲಿಯೂ ಗುಲಾಬಿ ತೋಟದಿಂದ ಮದ್ದಿನ ಡಬ್ಬಿಗೆ ಬಂದಿತ್ತು.

ಇಂಥ ಗಿಡ ಯೂರೋಪಿಗೆ ಬಂದುದು ಹೇಗೆ? ‘ಗುಲಾಬಿ ಶೋಧಕರು’ ಎಂಬ ಪದವನ್ನು ಇಂಗ್ಲಿಷ್ ಪುಸ್ತಕಗಳು ಧಾರಾಳವಾಗಿ ಬಳಸುತ್ತವೆ. ಓದಿದವರಿಗೆ ದಟ್ಟಕಾಡು, ಬೆಟ್ಟಗಳು ಕಣ್ಣಮುಂದೆ ಬರುತ್ತವೆ. ವಾಸ್ತವ ಅಷ್ಟು ರೋಮಾಂಚಕವಾಗಿರಲಿಲ್ಲ. 1757ರಿಂದ ಚೀನಾದ ದೊರೆಗಳು ಯೂರೋಪಿನ ವ್ಯಾಪಾರಿಗಳನ್ನು ಕ್ಯಾಂಟನ್ ಬಂದರೊಂದಕ್ಕೇ ಸೀಮಿತಗೊಳಿಸಿದ್ದರು. ತಮ್ಮ ಕೋಠಿಗಳಿಂದ ಹೊರಗೆ ಅವರು ಹೋಗಬಹುದಾಗಿದ್ದ ಕೆಲವೇ ಸ್ಥಳಗಳಲ್ಲಿ ನದಿಯಾಚೆಯ ಫಾ ಟೀ ನರ್ಸರಿಗಳೂ ಒಂದು. ಹೆಸರಿನ ಅರ್ಥವೇ ಹೂವಿನ ನೆಲ. ಅಲ್ಲಿ ಕುಂಡಗಳಲ್ಲಿ ಮಾರಾಟಕ್ಕಿಟ್ಟಿದ್ದ ಗಿಡಗಳನ್ನು ಚಹಾ ಸಾಗಿಸುವ ಹಡಗುಗಳವರು ಕಾಸು ಕೊಟ್ಟು ಕೊಂಡರು. ‘ಶೋಧ’ವೆಂದರೆ ಅದು. ಲಾಲ್‌ಬಾಗಿನ ಪ್ರದರ್ಶನದಲ್ಲಿ ಒಂದು ಕುಂಡ ಕೊಂಡು ತಂದವರನ್ನು ನಾವು ಶೋಧಕರೆಂದು ಕರೆಯುವುದಿಲ್ಲ.

ಕೊಂಡದ್ದು ಸುಲಭವಾದರೂ ತಂದದ್ದು ಕಷ್ಟವೇ. ತಿಂಗಳುಗಟ್ಟಲೆ ಕಡಲಯಾನ, ಉಪ್ಪುನೀರಿನ ಎರಚಲು, ಕುಡಿಯುವ ನೀರಿಗೇ ತತ್ವಾರ. ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲಿಯೇ ಸಾಯುತ್ತಿದ್ದುವು. ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡ ಸಾಗಿಸುವ ಉಪಾಯವನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಬಳಕೆಗೆ ತಂದದ್ದು 1830ರ ದಶಕದಲ್ಲಿ. ಅದಕ್ಕೆ ಮುಂಚೆ ದಾರಿಯಲ್ಲೊಂದು ತಂಗುದಾಣ ಬೇಕಾಗಿತ್ತು. 1787ರಲ್ಲಿ ರಾಬರ್ಟ್ ಕಿಡ್ ಹೂಗ್ಲಿ ನದಿಯ ದಡದಲ್ಲಿ ಸ್ಥಾಪಿಸಿದ ಕಂಪನಿಯ ಸಸ್ಯೋದ್ಯಾನ ಅಂಥ ತಂಗುದಾಣಗಳಲ್ಲಿ ಒಂದಾಯಿತು. ಕ್ಯಾಂಟನ್ನಿನ ಗಿಡಗಳು ಅಲ್ಲಿ ಇಳಿದು, ಬೇರೂರಿ, ಸುಧಾರಿಸಿಕೊಂಡು ಮತ್ತೆ ಹಡಗೇರುತ್ತಿದ್ದುವು.

ಆ ತಂಗುವಿಕೆಯ ಫಲವೇ ಒಂದು ತಪ್ಪು ಹೆಸರು. ಫ್ರಾನ್ಸಿನವರು ಈ ಗುಲಾಬಿಯನ್ನು ‘ಬಂಗಾಳದ ಗುಲಾಬಿ’ ಎಂದು ಕರೆದರು. ಜರ್ಮನಿಯವರೂ ಹಾಗೆಯೇ ಕರೆದರು. ಲಿನಿಯಸ್ ಅದಕ್ಕೂ ಮುಂಚೆ, 1753ರಲ್ಲಿಯೇ, ಚೀನಾ ಗುಲಾಬಿಯೊಂದಕ್ಕೆ ‘ರೋಸಾ ಇಂಡಿಕಾ’ ಎಂದು ಹೆಸರಿಟ್ಟಿದ್ದ. ಯೂರೋಪಿಗೆ ಆಗ ‘ಇಂಡೀಸ್’ ಎಂದರೆ ಪೂರ್ವದಿಕ್ಕೆಲ್ಲವೂ. 1768ರಲ್ಲಿ ಜಾಕ್ವಿನ್ ಇಟ್ಟ ‘ರೋಸಾ ಚೈನೆನ್ಸಿಸ್’ ಎಂಬ ಹೆಸರೇ ಈಗ ಊರ್ಜಿತವಾಗಿದೆ. ಭಾರತದ ಹೆಸರು ಹೋಯಿತೆಂದು ನಾವು ಕೊರಗಬೇಕಾಗಿಲ್ಲ; ನಾವು ಬೆಳೆಸಿದುದಲ್ಲ ಅದು. ಬೆಳೆಸಿದವರ ಹೆಸರು ಒಂದಾದರೂ ಉಳಿಯಿತೇ ಎಂದು ಹುಡುಕಿದರೆ ಅದೂ ಇಲ್ಲ. ಇಂಗ್ಲೆಂಡಿಗೆ ಬಂದ ನಾಲ್ಕು ಮುಖ್ಯ ಚೀನಾ ಗುಲಾಬಿಗಳಿಗೆ ಅಂಟಿಕೊಂಡ ಹೆಸರುಗಳನ್ನು ನೋಡಿ. 1790ರ ದಶಕದ ಆರಂಭದಲ್ಲಿ ಬಂದ ಕಡುಗೆಂಪಿನದು ‘ಸ್ಲೇಟರ್‌ನ’ ಗುಲಾಬಿ; ಆತ ಈಸ್ಟ್ ಇಂಡಿಯಾ ಕಂಪನಿಯ ಹಡಗುವ್ಯವಹಾರದವನು. 1793ರ ನಸುಗೆಂಪಿನದು ‘ಪಾರ್ಸನ್ಸ್‌ನ’ ಗುಲಾಬಿ. ರಿಕ್‌ಮನ್ಸ್‌ವರ್ತ್ ಊರಿನ ಅವನ ತೋಟದಲ್ಲಿ ಅದು ಮೊದಲು ಗಮನಕ್ಕೆ ಬಂದಿತು. 1809ರ ಚಹಾಪರಿಮಳದ ಗುಲಾಬಿ ಸರ್ ಅಬ್ರಹಾಮ್ ಹ್ಯೂಮ್‌ನ ಮನೆತನದ್ದು. 1824ರಲ್ಲಿ ಹಳದಿಯದನ್ನು ತಂದ ಪಾರ್ಕ್ಸ್ ಲಂಡನ್ನಿನ ತೋಟಗಾರಿಕಾ ಸಂಘ ಕಳಿಸಿದ ನೌಕರ. ನಾಲ್ಕೂ ಹೆಸರುಗಳು ಹೊತ್ತು ತಂದವರವು ಅಥವಾ ತರಿಸಿಕೊಂಡವರವು. ಫಾ ಟೀಯಲ್ಲಿ ಅವನ್ನು ಸಾಕಿದವರು ಯಾರು?

ಹೊಸ ಗುಲಾಬಿಗಳಿಗಾಗಿ ಆಗ ಹುಚ್ಚೇ ಹಿಡಿದಿತ್ತು. ನೆಪೋಲಿಯನ್ನನೊಡನೆ ಯುದ್ಧ ನಡೆದಿದ್ದರೂ ಹ್ಯೂಮ್‌ನ ಗುಲಾಬಿ 1810ರಲ್ಲಿ ಕಡಲು ದಾಟಿ ಅವನ ಪತ್ನಿಯಾಗಿದ್ದ ಜೋಸೆಫೀನಳ ಮಾಲ್ಮೆಜಾನ್ ತೋಟ ಸೇರಲು ಎರಡೂ ನೌಕಾಪಡೆಗಳು ದಾರಿ ಬಿಟ್ಟುವೆಂಬ ಕಥೆ ಪ್ರಸಿದ್ಧವಾಗಿದೆ.

ತಿಂಗಳ ಗುಲಾಬಿ ಕೈಗೆ ಬಂದೊಡನೆ ಯೂರೋಪಿನ ತೋಟಗಾರರು ಮಾಡಿದ ಆಲೋಚನೆ ಸರಳ. ಚೀನಾದ ಗಿಡಕ್ಕೆ ಮತ್ತೆ ಮತ್ತೆ ಅರಳುವ ಗುಣವಿದೆ, ನಮ್ಮ ಗಿಡಕ್ಕೆ ಪರಿಮಳವಿದೆ, ಚಳಿ ತಡೆಯುವ ಶಕ್ತಿಯಿದೆ, ಎರಡನ್ನೂ ಕೂಡಿಸೋಣ. ಕೂಡಿಸಿದರು. ಹುಟ್ಟಿದ ಸಸಿಗಳು ಪುಷ್ಟಿಯಾಗಿ ಬೆಳೆದುವು. ಆದರೆ ಅವು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾತ್ರ ಅರಳಿದುವು! ಎಷ್ಟು ನಿರಾಸೆಯಾಗಿರಬೇಕು ಎಂಬುದನ್ನು, ಬೋಳಿಸಿದ ಗಿಡದ ಮುಂದೆ ನಿಂತಿದ್ದ ನಾವು ಊಹಿಸಬಲ್ಲೆವು. ಎಷ್ಟೋ ಸಸಿಗಳು ಕಿತ್ತೆಸೆಯಲ್ಪಟ್ಟಿರಬೇಕು.

ಮುಂದಿನ ದಾರಿ ತೆರೆದದ್ದು ಯೂರೋಪಿನ ಹೊರಗೆ, ಎರಡು ಕಡೆ. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿ ಜಾನ್ ಚಾಂಪ್ನೀಸ್ ಎಂಬ ಭತ್ತದ ತೋಟದ ಒಡೆಯನಿದ್ದ. ಅವನ ಬಳಿ ಹುಟ್ಟಿದ ಒಂದು ಗುಲಾಬಿ ಪಾರ್ಸನ್ಸ್‌ನ ಗುಲಾಬಿಗೂ ಕಸ್ತೂರಿ ಗುಲಾಬಿಗೂ ಆದ ಸಂಕರ. ಕೇಂಬ್ರಿಜ್‌ನ ತಳಿವಿಜ್ಞಾನಿ ಹರ್ಸ್ಟ್ 1941ರಲ್ಲಿ ವಿವರಿಸಿದಂತೆ, ಅದು ಒಂದೇ ಬಾರಿ ಅರಳುವ ಎತ್ತರದ ಗಿಡ. ಆದರೆ ನೆರೆಯ ಫಿಲಿಪ್ ನ್ವಾಜೆಟ್ ಅದರ ಬೀಜ ಬಿತ್ತಿ ಬೆಳೆಸಿದ ಮರಿಗಿಡ ಗಿಡ್ಡವಾಗಿ, ಬೇಸಿಗೆಯುದ್ದಕ್ಕೂ ಅರಳಿತು. ಆತ ಅದನ್ನು ಪ್ಯಾರಿಸ್‌ನಲ್ಲಿದ್ದ ಸಹೋದರನಿಗೆ ಕಳಿಸಿದ. ಮಗಳಲ್ಲಿ ಕಾಣದ್ದು ಮೊಮ್ಮಗಳಲ್ಲಿ ಕಂಡಿತು.

ಎರಡನೆಯದು ಹಿಂದೂ ಮಹಾಸಾಗರದ ಬೂರ್ಬನ್ ದ್ವೀಪದ ಕಥೆ, ಇಂದಿನ ರೀಯೂನಿಯನ್. ಅಲ್ಲಿನ ಜನ ಹೊಲಗಳಿಗೆ ಗುಲಾಬಿಯ ಬೇಲಿ ಹಾಕುತ್ತಿದ್ದರು: ಒಂದು ಚೀನಾದ ನಸುಗೆಂಪು, ಇನ್ನೊಂದು ಶರತ್ಕಾಲದ ಡಮಾಸ್ಕ್. ಬೇಲಿಯ ನಡುವೆ ತಾನಾಗಿ ಹುಟ್ಟಿದ ಸಂಕರವೊಂದು ‘ರೋಸ್ ಎದುವಾರ್’ ಎಂದು ಹೆಸರಾಯಿತು. 1817ರಲ್ಲಿ ದ್ವೀಪಕ್ಕೆ ಬಂದ ಸಸ್ಯಶಾಸ್ತ್ರಜ್ಞ ಬ್ರೆಯೋನ್ ಅದರ ಬೀಜವನ್ನು 1819ರಲ್ಲಿ ಫ್ರಾನ್ಸಿಗೆ, ಡ್ಯೂಕ್ ಆಫ್ ಆರ್ಲಿಯನ್ಸ್‌ನ ತೋಟಗಾರ ಜಾಕ್‌ಗೆ ಕಳಿಸಿದ. ಬೂರ್ಬನ್ ಗುಲಾಬಿಗಳ ವಂಶ ಬೆಳೆದುದು ಅಲ್ಲಿಂದ.

ಈ ಎದುವಾರ್ ನಮಗೆ ಅಪರಿಚಿತನಲ್ಲ. ದಕ್ಷಿಣ ಭಾರತದ ಹೂವಿನ ಮಾರುಕಟ್ಟೆಗಳಲ್ಲಿ ಬಿಡಿಹೂವಾಗಿ ತೂಕಕ್ಕೆ ಮಾರುವ, ಹಾರಕ್ಕೆ ಕಟ್ಟುವ ‘ಎಡ್ವರ್ಡ್ ಗುಲಾಬಿ’ ಇದೇ ಬೂರ್ಬನ್ ಕುಲದ್ದು. ನರ್ಸರಿಯವರು ಹೊಸ ಗುಲಾಬಿಗಳಿಗೆ ಕಸಿ ಕಟ್ಟಲು ಬೇರಿನ ಗಿಡವಾಗಿಯೂ ಅದನ್ನು ಬಳಸುತ್ತಾರೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬಾಲ್ಯ ಕಳೆದವರಿಗೂ ಆ ಹೂವಿನ ಹಿಂದೆ ಚೀನಾ, ಡಮಾಸ್ಕಸ್, ಫ್ರೆಂಚ್ ದ್ವೀಪ ಇಷ್ಟೆಲ್ಲ ಇದೆಯೆಂದು ತಿಳಿದಿರಲಿಲ್ಲ.

1830ರ ದಶಕದ ಕೊನೆಯ ಹೊತ್ತಿಗೆ ಫ್ರಾನ್ಸಿನಲ್ಲಿ ‘ಹೈಬ್ರಿಡ್ ಪರ್ಪೆಚ್ಯುಅಲ್’ ಎಂಬ ಹೊಸ ವರ್ಗ ಬಂದಿತು. ನಿತ್ಯವೂ ಅರಳುತ್ತದೆಂಬ ಆ ಹೆಸರು ಮಾರುವವರ ಉತ್ಸಾಹ. ಜೂನಿನಲ್ಲಿ ಭರಪೂರ, ಶರತ್ಕಾಲದಲ್ಲಿ ಬೆರಳೆಣಿಕೆ. 1867ರಲ್ಲಿ ಲಿಯೋನ್‌ನ ಗಿಯೋ ‘ಲಾ ಫ್ರಾನ್ಸ್’ ಎಂಬುದನ್ನು ಹೊರತಂದ. ಹೈಬ್ರಿಡ್ ಟೀ ಎಂದು ನಾವು ಇಂದು ಕರೆಯುವ ವರ್ಗಕ್ಕೆ ಅದನ್ನೇ ಆದಿಯೆಂದು ಎಣಿಸುವುದು ವಾಡಿಕೆ. ಅಲ್ಲಿಯವರೆಗೆ ಹೆಚ್ಚಿನ ಬೆಳೆಗಾರರು ಜೇನುನೊಣಗಳ ಮೇಲೆ ಭಾರ ಹಾಕಿ, ಬಂದ ಬೀಜ ಬಿತ್ತುತ್ತಿದ್ದರು. ವಿಲ್ಟ್‌ಶೈರಿನ ಹೆನ್ರಿ ಬೆನೆಟ್ ಎಂಬ ದನಗಳನ್ನು ಸಾಕುವ ರೈತ ಮಾತ್ರ, ಹೋರಿ–ಹಸುಗಳ ವಂಶಾವಳಿ ಬರೆದಿಡುವಂತೆ ಗುಲಾಬಿಗಳ ತಾಯಿತಂದೆಯರನ್ನು ಆರಿಸಿ, ಪರಾಗವನ್ನು ಕೈಯಾರೆ ಮುಟ್ಟಿಸಿ, 1879ರಲ್ಲಿ ತನ್ನ ‘ವಂಶಾವಳಿ’ ಗುಲಾಬಿಗಳನ್ನು ಮಾರಾಟಕ್ಕಿಟ್ಟ.

ಇಷ್ಟು ದಶಕಗಳು ಬೇಕಾದುದೇಕೆ ಎಂಬುದನ್ನು ಆಸ್ಪತ್ರೆಯ ಭಾಷೆಯಲ್ಲಿ ಹೇಳುವುದು ನಮಗೆ ಸುಲಭ. ಮತ್ತೆ ಮತ್ತೆ ಅರಳುವ ಗುಣ ಸುಪ್ತ ಗುಣ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳೂ ಕೂಡಿದಾಗ ಮಾತ್ರ ಅದು ಪ್ರಕಟವಾಗುತ್ತದೆ. ಒಂದೇ ಪ್ರತಿಯಿದ್ದರೆ ಗಿಡ ಅದನ್ನು ಹೊತ್ತಿರುತ್ತದೆ, ತೋರಿಸುವುದಿಲ್ಲ. ಥಲಸೀಮಿಯ ಇರುವ ಕುಟುಂಬಗಳಿಗೆ ನಾವು ಕಾಗದದ ಮೇಲೆ ಚೌಕಗಳನ್ನು ಬರೆದು ವಿವರಿಸುವುದು ಇದೇ ಲೆಕ್ಕವನ್ನು. ಚೀನಾ–ಯೂರೋಪು ಸಂಕರದ ಮೊದಲ ಪೀಳಿಗೆಗೆ ಒಂದೇ ಪ್ರತಿ. ಆದುದರಿಂದ ಜೂನ್ ಮಾತ್ರ. ಆ ಮಕ್ಕಳನ್ನು ಮತ್ತೆ ತಮ್ಮತಮ್ಮಲ್ಲಿ ಅಥವಾ ಚೀನಾದ ಗಿಡದೊಡನೆ ಕೂಡಿಸಿದರೆ ಮೊಮ್ಮಕ್ಕಳಲ್ಲಿ ಕೆಲವಕ್ಕೆ ಎರಡೂ ಪ್ರತಿ ಸಿಕ್ಕುತ್ತವೆ. ಮೆಂಡೆಲ್ ತನ್ನ ಬಟಾಣಿಯ ಲೆಕ್ಕವನ್ನು ಪ್ರಕಟಿಸಿದ್ದು 1866ರಲ್ಲಿ, ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಅದಕ್ಕೂ ಮುಂಚೆ ದುಡಿದ ಗುಲಾಬಿಯವರು ಕತ್ತಲೆಯಲ್ಲಿ ತಡಕಾಡಿದರು.

ಆ ಗುಣ ಎಂಥದು ಎಂಬುದು ತಿಳಿದದ್ದು ಇನ್ನೂ ಈಚೆಗೆ. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕೆಎಸ್‌ಎನ್ ಎಂಬ ಜೀನನ್ನು ಗುರುತಿಸಿತು. ಅದೊಂದು ಬ್ರೇಕು. ವಸಂತದ ಹೂ ಮುಗಿದ ಮೇಲೆ ಹೊಸ ಚಿಗುರುಗಳಲ್ಲಿ ಅದು ಕೆಲಸ ಮಾಡಿ, ‘ಇನ್ನು ಹೂ ಸಾಕು, ಬೆಳೆ’ ಎಂದು ತಡೆಯುತ್ತದೆ. ಚೀನಾದ ಗುಲಾಬಿಯಲ್ಲಿ ಆ ಜೀನಿನ ನಡುವೆ ಡಿಎನ್‌ಎಯ ಒಂದು ಅಲೆಮಾರಿ ತುಣುಕು ಬಂದು ಸೇರಿಕೊಂಡಿದೆ, ಬ್ರೇಕು ಹಿಡಿಯುವುದಿಲ್ಲ. ಆದುದರಿಂದ ಚಿಗುರಿದ ಕೊಂಬೆಯ ತುದಿಯಲ್ಲೆಲ್ಲ ಹೂ. ಮನುಷ್ಯರಲ್ಲಿ ಇಂಥದನ್ನು ಕಂಡರೆ ನಾವು ರೋಗವೆಂದು ಹೆಸರಿಟ್ಟು ಮದ್ದು ಹುಡುಕುತ್ತೇವೆ! ಅದೇ ಬ್ರೇಕಿನ ಕಾರಣದಿಂದ ನಮ್ಮ ಬೇಲಿಯ ಗಿಡ ಅಷ್ಟು ಉದ್ದ ಹಬ್ಬುತ್ತದೆ: ಹೂವಿಗೆ ಹೋಗದ ಶಕ್ತಿ ಬಳ್ಳಿಗೆ ಹೋಗುತ್ತದೆ. ಪಾರ್ಸನ್ಸ್‌ನ ಗುಲಾಬಿಯಲ್ಲಿಯೇ ಕೆಲವೊಮ್ಮೆ ಆ ಅಲೆಮಾರಿ ತುಣುಕಿನ ಬಹುಭಾಗ ಕಳಚಿಹೋಗುವುದುಂಟು. ಆಗ ಆ ಕೊಂಬೆ ಬಳ್ಳಿಯಾಗಿ ಹಬ್ಬಿ, ವರ್ಷಕ್ಕೊಮ್ಮೆ ಅರಳುವ ಹಳೆಯ ಸ್ವಭಾವಕ್ಕೆ ಮರಳುತ್ತದೆ. ಯೂರೋಪಿನ ಶರತ್ಕಾಲದ ಡಮಾಸ್ಕಿನ ಕಥೆ ಬೇರೆ. ಅದರ ಮೂವರು ಪೂರ್ವಜರಲ್ಲಿ ಒಬ್ಬರು ಮಧ್ಯ ಏಷ್ಯಾದ ಫೆಡ್‌ಚೆಂಕೊ ಗುಲಾಬಿ ಎಂದು 2000ದಲ್ಲಿ ಗೊತ್ತಾಯಿತು.

ಇಲ್ಲಿಗೆ ಬಂದಾಗಲೇ ಫಾ ಟೀಯ ಹೆಸರಿಲ್ಲದ ಮಾಲಿಗಳ ಸಾಧನೆ ನಮಗೆ ಸ್ಪಷ್ಟವಾದುದು. ಚೀನಾದ ಕಾಡುಗುಲಾಬಿಯನ್ನು ಆಗಸ್ಟಿನ್ ಹೆನ್ರಿ ಎಂಬ ಐರಿಷ್ ವೈದ್ಯ 1880ರ ದಶಕದಲ್ಲಿ ಹುಬೇ ಪ್ರಾಂತದ ಕಣಿವೆಗಳಲ್ಲಿ ಕಂಡ. 1983ರಲ್ಲಿ ಜಪಾನಿನ ಮಿಕಿನೊರಿ ಒಗಿಸು ಸಿಚುವಾನ್‌ನಲ್ಲಿ ಮತ್ತೆ ಕಂಡರು. ಅದು ಮರಗಳ ಮೇಲೆ ಹಬ್ಬುವ ಬಳ್ಳಿ. ವರ್ಷಕ್ಕೊಮ್ಮೆ ಮಾತ್ರ ಅರಳುತ್ತದೆ. ಚಹಾಪರಿಮಳದ ಗುಲಾಬಿಗಳ ಇನ್ನೊಬ್ಬ ಪೂರ್ವಜ ರೋಸಾ ಜೈಗಾಂಟಿಯಾ ನಮ್ಮ ಮಣಿಪುರದ ಬೆಟ್ಟಗಳಲ್ಲಿಯೂ ಇದೆ, ಅದೂ ಹಾಗೆಯೇ. ಕಾಡಿನಲ್ಲಿ ಬ್ರೇಕು ಮುರಿದ ಗಿಡಕ್ಕೆ ಉಳಿಗಾಲವಿಲ್ಲ: ಬಳ್ಳಿಯಾಗಿ ಬೆಳಕಿನೆಡೆಗೆ ಏರಲಾರದು, ಚಳಿಗೆ ಮುಂಚೆ ಶಕ್ತಿ ಕೂಡಿಡಲಾರದು. ಎಂದೋ ಒಂದು ದಿನ ಯಾರೋ ಒಬ್ಬರು, ಅಕಾಲದಲ್ಲಿ ಹೂ ಬಿಟ್ಟ ಒಂದು ಗಿಡ್ಡ ಗಿಡವನ್ನು ನೋಡಿ, ಕಿತ್ತೆಸೆಯದೆ, ಕಡ್ಡಿ ಮುರಿದು ನೆಟ್ಟರು. ಅವರ ಮಕ್ಕಳು ಮತ್ತೆ ನೆಟ್ಟರು. ಹೀಗೆ ನೂರಾರು ವರ್ಷ. ಇಂದು ನಾವು ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳುವ ಗುಲಾಬಿಗೊಂಚಲಿನಲ್ಲಿರುವುದು ಆ ಕೈಗಳು ಕಾಪಾಡಿದ ಗುಣವೇ.

ಬಳಗದವರು ಕೇಳುವ ಉಳಿದ ಹೂಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇವೆ. ಟ್ಯೂಲಿಪ್, ಪಿಯೊನಿಗಳಿಂದ ಎರಡನೆಯ ಹೂ ನಿರೀಕ್ಷಿಸಬೇಡಿ. ಡೆಲ್ಫಿನಿಯಮ್, ಲ್ಯೂಪಿನ್‌ಗಳ ಮೊದಲ ಹೂಗೊಂಚಲು ಬಾಡಿದೊಡನೆ ಬೀಜಕಟ್ಟಲು ಬಿಡದೆ ಕತ್ತರಿಸಿದರೆ ಎರಡನೆಯ ಬಾರಿ ಅರಳುವುದುಂಟು. ನಮ್ಮ ಸೇವಂತಿಗೆ ಹಗಲು ಕಿರಿದಾಗುವುದನ್ನೇ ಕಾಯುತ್ತದೆ. ಅದಕ್ಕೆ ಅವಸರ ಮಾಡಿ ಪ್ರಯೋಜನವಿಲ್ಲ. ಗುಲಾಬಿಯಲ್ಲಿ ಮೊದಲು ಜಾತಿ ಗುರುತಿಸಿ. ಅಕ್ಟೋಬರಿನವರೆಗೆ ಅರಳುವುದಾದರೆ ಅದು ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ; ಚಳಿಗಾಲದ ಕೊನೆಯಲ್ಲಿ ಧೈರ್ಯವಾಗಿ ಸವರಿ, ಬಾಡಿದ ಹೂಗಳನ್ನು ಆಗಾಗ ತೆಗೆಯಿರಿ. ಜೂನಿನಲ್ಲಿ ಮಾತ್ರ ಅರಳುವುದಾದರೆ ಹೂ ಬರುವುದು ಕಳೆದ ವರ್ಷದ ಕೊಂಬೆಯ ಮೇಲೆ. ಅದನ್ನು ಫೆಬ್ರುವರಿಯಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಸವರಿದಂತೆ. ಹೂ ಮುಗಿದ ಕೂಡಲೇ, ಜುಲೈಯಲ್ಲಿ, ಹಳೆಯ ಕೊಂಬೆಗಳನ್ನಷ್ಟೇ ತೆಗೆಯಬೇಕು.

ನಾವು ಬೇಲಿಯ ಬಳ್ಳಿಯನ್ನು ಹಾಗೆಯೇ ಬಿಟ್ಟು, ಅಡುಗೆಮನೆಯ ಕಿಟಕಿಯ ಕೆಳಗೆ ಪಾರ್ಸನ್ಸ್‌ನ ನಸುಗೆಂಪನ್ನು ನೆಟ್ಟೆವು. ನರ್ಸರಿಗಳಲ್ಲಿ ಈಗ ಅದು ‘ಓಲ್ಡ್ ಬ್ಲಶ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಪರಿಮಳ ಅಷ್ಟಕ್ಕಷ್ಟೇ, ಎಸಳು ಸಡಿಲ. ಹಿಮ ಬೀಳುವವರೆಗೆ ಮಾತ್ರ ಮೊಗ್ಗು ತಪ್ಪುವುದಿಲ್ಲ. ತಾಯಿಯವರಿಗೆ ಈಗ ಅಷ್ಟು ದೂರದ ಪ್ರಯಾಣ ಆಗದು. ಕಳೆದ ನವೆಂಬರಿನ ಒಂದು ಮುಂಜಾನೆ, ರಾತ್ರಿಪಾಳಿ ಮುಗಿಸಿ ಬಂದು, ಮಂಜಿನಲ್ಲಿ ಅರಳಿದ್ದ ಎರಡು ಹೂಗಳನ್ನು ಫೋನಿನಲ್ಲಿ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಒಂದು ಗಿಡದಲ್ಲೇ ಇರಲಿ, ಇನ್ನೊಂದನ್ನು ದೇವರಿಗಿಡು” ಎಂದರು.